ದೇವರ ಕರುಣೆಯೂ ನಮ್ಮ ಗದ್ದೆಯ ಬದುವೂ

(ಶತಮಾನೋತ್ಸವದ ಸಿದ್ಧತೆಗಾಗಿ ತಪಸ್ಸು ಕಾಲದಲ್ಲಿ ಏರ್ಪಡಿಸಿದ್ದ ಧ್ಯಾನಕೂಟದಲ್ಲಿ, ಶಿಕಾರಿಪುರ ಮತ್ತು ಸೊರಬ ಕಡೆಯ ಭಕ್ತಾದಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬುತ್ತಿರುವ ದೇವಾಲಯದಲ್ಲಿ ನಿಂತು ಮಾತನಾಡುವವರಿಗೆ ಅದರ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನು ಹೇಳಬೇಕೆಂಬ ಆಸೆ ಮೂಡುವುದು ಸಹಜ. ಆ ಕಾರ್ಯವನ್ನು ಬಲ್ಲವರು ಕೈಗೊಂಡಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ: ಪಶ್ಚಾತ್ತಾಪ, ವಿಶ್ವಾಸ, ದೇವರ ಕರುಣೆ. ನಾವು ಗುರುಪಟ್ಟ ಪಡೆದವರಲ್ಲ. ದೈವಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವರೂ ಅಲ್ಲ. ಈ ಸೀಮೆಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಭಾನುವಾರದ ಬಲಿಪೂಜೆಯ ನಂತರ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತ ಮುಪ್ಪಾದವರು. ಆದುದರಿಂದ ಓದಿದ್ದಕ್ಕಿಂತ ಕಂಡದ್ದನ್ನೇ ಹೆಚ್ಚಾಗಿ ಹೇಳಲಿದ್ದೇವೆ.

ಹಳೆಯ ದೇವಾಲಯದಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದಿರುವ ಮರ ಯಾವುದೆಂದು ತಾವು ಗಮನಿಸಿದ್ದೀರಾ? ಬಾಗಿಲ ಹೊಸ್ತಿಲಲ್ಲ, ಮುಂಸಾಲಿನ ಬೆಂಚೂ ಅಲ್ಲ. ಪಾಪನಿವೇದನಾ ಪೀಠದ ಪಕ್ಕದಲ್ಲಿ ಮೊಣಕಾಲೂರುವ ಹಲಗೆ. ಅದರ ಮೇಲೆ ಎರಡು ಗುಳಿಗಳು ಬಿದ್ದಿವೆ. ನಡೆದುಕೊಂಡೋ ಗಾಡಿ ಕಟ್ಟಿಕೊಂಡೋ ಬಂದ ನಮ್ಮ ಅಜ್ಜ ಅಜ್ಜಿಯರ ಮೊಣಕಾಲುಗಳ ಗುರುತು ಅದು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ಕಟ್ಟಳೆಯನ್ನು ಧರ್ಮಸಭೆ ವಿಧಿಸಿದ್ದು ೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಲ್ಲಿ. ನಮ್ಮ ಹಿರಿಯರು ಅದನ್ನು ಓದಿ ತಿಳಿದವರಲ್ಲ. ಪಾಸ್ಕ ಹಬ್ಬಕ್ಕೆ ಮುಂಚೆ ಮನೆಯನ್ನು ಸಾರಿಸಿದಂತೆ ಮನಸ್ಸನ್ನೂ ಸಾರಿಸಬೇಕೆಂದು ತಿಳಿದವರು. ಇಂದು ಪರಮಪ್ರಸಾದದ ಸಾಲು ಉದ್ದವಾಗಿದೆ. ಆ ಹಲಗೆಯ ಮುಂದಿನ ಸಾಲು ಗಿಡ್ಡವಾಗಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ನಮ್ಮ ಮೊಣಕಾಲುಗಳೂ ಆ ಹಲಗೆಗೆ ಅಪರಿಚಿತವಾಗಿದ್ದ ವರ್ಷಗಳುಂಟು.

'ಪಶ್ಚಾತ್ತಾಪ' ಎಂಬ ಪದವನ್ನು ಬಿಡಿಸಿದರೆ ಆಮೇಲಿನ ಬೇಗೆ ಎಂದಾಗುತ್ತದೆ. ತಪ್ಪು ಮಾಡಿದ ಮೇಲೆ ಮನಸ್ಸು ಬೇಯುವುದು. ಒಳ್ಳೆಯ ಮಾತೇ ಸರಿ, ಆದರೆ ಅರ್ಧ ಮಾತು. ಹಳೆಯ ಒಡಂಬಡಿಕೆಯ ಪ್ರವಾದಿಗಳು ಬಳಸಿದ ಹೀಬ್ರೂ ಪದಕ್ಕೆ 'ತಿರುಗಿ ಬರುವುದು' ಎಂದು ಅರ್ಥ. ಶುಭಸಂದೇಶದ ಗ್ರೀಕ್ ಪದಕ್ಕೆ 'ಮನಸ್ಸು ಮಾರ್ಪಡುವುದು' ಎಂದು ಅರ್ಥ. ಬೇಯುವುದು ಕುಳಿತಲ್ಲೇ ಆಗುತ್ತದೆ. ತಿರುಗಿ ಬರಲು ಕಾಲು ಎತ್ತಬೇಕು. ಯೂದನೂ ಬೆಂದನು, ಪೇತ್ರನೂ ಬೆಂದನು. ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದನು, ತಾನು ಮಾತ್ರ ಹಿಂದಿರುಗಲಿಲ್ಲ. ಪೇತ್ರನಾದರೋ ಸರೋವರದ ದಡದಲ್ಲಿ ನಿಂತವರು ಪ್ರಭುವೆಂದು ತಿಳಿದೊಡನೆ, ದೋಣಿ ದಡ ಮುಟ್ಟುವವರೆಗೂ ಕಾಯದೆ ನೀರಿಗೆ ಧುಮುಕಿದನು. ಇಬ್ಬರ ಕಣ್ಣೀರಿನಲ್ಲಿ ಎಷ್ಟು ಅಂತರವಿತ್ತೋ ನಾವರಿಯೆವು. ಕಾಲು ಹೋದ ದಿಕ್ಕಿನಲ್ಲಿ ಅಂತರವಿತ್ತು.

ಇನ್ನು ಕರುಣೆ. ಹೀಬ್ರೂ ಭಾಷೆಯಲ್ಲಿ ಕರುಣೆಗಿರುವ ಒಂದು ಪದ ತಾಯಿಯ ಗರ್ಭ ಎಂಬ ಮೂಲದಿಂದ ಹುಟ್ಟಿದ್ದು. ಜಗದ್ಗುರು ಎರಡನೆಯ ಜಾನ್ ಪೌಲರು ೧೯೮೦ರಲ್ಲಿ ದೇವರ ಕರುಣೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ಇದನ್ನು ವಿವರಿಸಿದ್ದಾರೆ. ದೂರದಲ್ಲಿ ಬರುತ್ತಿದ್ದ ದುಂದುಗಾರ ಮಗನನ್ನು ತಂದೆ ಕಂಡಾಗ ಆದದ್ದನ್ನು ಹೇಳಲು ಸಂತ ಲೂಕರು ಬಳಸಿದ ಗ್ರೀಕ್ ಪದವೂ ಒಡಲ ಒಳಗಿನ ಅಂಗಗಳಿಗೆ ಸಂಬಂಧಿಸಿದ್ದು. ಪಂಡಿತರು ಇದಕ್ಕೆ ಪುಟಗಟ್ಟಲೆ ಟಿಪ್ಪಣಿ ಬರೆಯುತ್ತಾರೆ. ಕನ್ನಡದ ತಾಯಿಗೆ ಟಿಪ್ಪಣಿ ಬೇಡ. 'ಹೆತ್ತ ಕರುಳು' ಎಂದರೆ ಸಾಕು. ಕರುಣೆ ನಮ್ಮ ನೆಲಕ್ಕೆ ಹೊರಗಿನಿಂದ ಬಂದ ಸರಕೂ ಅಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ್ದ ಕೋಡಿಯಮಠವನ್ನು ೧೧೬೨ರ ಶಾಸನವೊಂದು ಬಣ್ಣಿಸುತ್ತದೆ. ದೀನರಿಗೆ, ಅನಾಥರಿಗೆ, ಹೆಳವರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಕ್ಕುವ ಸ್ಥಳ, ರೋಗಿಗಳಿಗೆ ಔಷಧ ಕೊಡುವ ಸ್ಥಳ ಎಂದು ಅದರಲ್ಲಿ ಕೆತ್ತಿದ್ದಾರೆ. ಇತರರ ಅಂಗಳದಲ್ಲಿ ಬೆಳೆದ ಒಳಿತನ್ನು ಗೌರವದಿಂದ ಕಾಣುವಂತೆ ದ್ವಿತೀಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿ ನಮಗೆ ಕಲಿಸಿತು. ಆ ಕಲ್ಲನ್ನು ನೋಡಿ ನಾವು ಸ್ವಲ್ಪ ನಾಚಿಕೊಂಡರೂ ತಪ್ಪಿಲ್ಲ.

ನಮ್ಮ ಪ್ರತಿಯೊಂದು ಊರಿನಲ್ಲೂ, ಹಬ್ಬದ ದಿನ ದೇವಾಲಯದ ಒಳಗೆ ಬಾರದೆ ಹೊರಗೆ ಮರದ ನೆರಳಿನಲ್ಲಿ ನಿಲ್ಲುವ ನಾಲ್ಕಾರು ಮಂದಿ ಇದ್ದಾರೆ. ಕುಡಿತದಿಂದ ಮನೆ ಹಾಳು ಮಾಡಿದವನು, ಹೆಂಡತಿಯನ್ನು ತೊರೆದವನು, ಯಾರಿಗೂ ಹೇಳಲಾಗದ ಸಂಗತಿಯೊಂದನ್ನು ಎದೆಯಲ್ಲಿ ಹೂತಿಟ್ಟುಕೊಂಡ ತಾಯಿ. ಅವರನ್ನು ಅವಿಶ್ವಾಸಿಗಳೆಂದು ಎಣಿಸುವುದು ತಪ್ಪು. ದೇವರು ಇದ್ದಾನೆಂದು ಅವರು ನಮಗಿಂತ ಗಟ್ಟಿಯಾಗಿ ನಂಬಿದ್ದಾರೆ. ಆತನು ತಮ್ಮನ್ನು ಮತ್ತೆ ಕೈಗೆತ್ತಿಕೊಂಡಾನೆಂದು ಮಾತ್ರ ನಂಬಲಾರರು. ಸೊರಬದ ಗುಡಿಗಾರರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ಭಯ ಅರ್ಥವಾದೀತು. ಶ್ರೀಗಂಧದ ತುಂಡಿನ ಮೇಲೆ ಉಳಿ ಕೂದಲೆಳೆಯಷ್ಟು ಜಾರಿದರೂ ಎದ್ದು ಹೋದ ಚೂರು ಮತ್ತೆ ಕೂಡುವುದಿಲ್ಲ. ನಿಪುಣನಾದವನು ತಪ್ಪನ್ನು ಎಲೆಯೊಳಗೋ ಬಳ್ಳಿಯೊಳಗೋ ಮರೆಸಿಯಾನು, ಮರವನ್ನು ಮೊದಲಿನಂತೆ ಮಾಡಲಾರನು. ದೇವರೂ ಹಾಗೆಯೇ ಎಂದು ಅವರು ತಿಳಿದಿದ್ದಾರೆ. ಆದರೆ ಪ್ರವಾದಿ ಯೆರೆಮೀಯನನ್ನು ದೇವರು ಕಳುಹಿಸಿದ್ದು ಕೆತ್ತುವವನ ಅಂಗಡಿಗಲ್ಲ, ಕುಂಬಾರನ ಮನೆಗೆ. ಆ ಗ್ರಂಥದ ಹದಿನೆಂಟನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ತಿಗರಿಯ ಮೇಲಿದ್ದ ಪಾತ್ರೆ ಕುಂಬಾರನ ಕೈಯಲ್ಲೇ ಕೆಟ್ಟಿತು. ಅವನು ಮಣ್ಣನ್ನು ಬಿಸಾಡಲಿಲ್ಲ, ಅದನ್ನೇ ಮತ್ತೆ ಮಿದ್ದಿ ಬೇರೊಂದು ಪಾತ್ರೆ ಮಾಡಿದನು. ದೇವರು ಕ್ಷಮಿಸಿ ದಣಿಯುವುದಿಲ್ಲ, ಕ್ಷಮೆ ಕೇಳಿ ನಾವೇ ದಣಿಯುತ್ತೇವೆ ಎಂಬ ಅರ್ಥದ ಮಾತನ್ನು ಜಗದ್ಗುರು ಫ್ರಾನ್ಸಿಸರು ೨೦೧೩ರಲ್ಲಿ, ಪೀಠವನ್ನೇರಿದ ಮೊದಲ ವಾರದಲ್ಲಿಯೇ ಆಡಿದ್ದರು. ೨೦೧೫ರ ಡಿಸೆಂಬರಿನಿಂದ ೨೦೧೬ರ ನವೆಂಬರಿನವರೆಗೆ ಅವರು ಕರುಣೆಯ ಜೂಬಿಲಿಯನ್ನು ಸಾರಿದಾಗ, ಕರುಣೆಯ ಬಾಗಿಲು ರೋಮಿನಲ್ಲಿ ಮಾತ್ರವಲ್ಲದೆ ಪ್ರತಿ ಧರ್ಮಪ್ರಾಂತ್ಯದಲ್ಲೂ ತೆರೆಯಬೇಕೆಂದು ಹೇಳಿದ್ದು ಮರದ ನೆರಳಿನಲ್ಲಿ ನಿಂತವರನ್ನು ನೆನೆದೇ ಇರಬೇಕು.

ನಮ್ಮದು ಕೆರೆಗಳ ಸೀಮೆ. ಏರಿ ಭದ್ರವಾಗಿದ್ದು, ತೂಬು ಸರಿಯಾಗಿದ್ದು, ಮಳೆಯೂ ಬಂದು, ಆದರೂ ಸುಗ್ಗಿಗೆ ಮುಂಚೆಯೇ ನೀರು ಮುಗಿಯುವ ಕೆರೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಹೊರಗಿನಿಂದ ನೋಡಿದರೆ ಕೊರತೆ ಕಾಣುವುದಿಲ್ಲ; ಒಳಗೆ ಹೂಳು ತುಂಬಿದೆ. ಹೂಳು ಒಂದೇ ದಿನದಲ್ಲಿ ಬರುವುದೂ ಇಲ್ಲ. ಪ್ರತಿ ಮಳೆಯೂ ಒಂದು ಹಿಡಿ ತರುತ್ತದೆ. ಘೋರ ಪಾಪಗಳನ್ನು ಮಾಡದ ನಮ್ಮಂಥವರ ಸ್ಥಿತಿ ಇದೇ. ಆದರೆ ಇನ್ನೊಂದು ಮಾತನ್ನೂ ರೈತರು ಬಲ್ಲರು. ಎತ್ತಿದ ಹೂಳನ್ನು ಯಾರೂ ಎಸೆಯುವುದಿಲ್ಲ. ಗಾಡಿಯಲ್ಲಿ ಹೇರಿ ಗದ್ದೆಗೆ ಹಾಕುತ್ತಾರೆ. ಕೆರೆಯೊಳಗೆ ಕೇಡಾಗಿದ್ದದ್ದು ಹೊಲದಲ್ಲಿ ಗೊಬ್ಬರ. ತಿರುಗಿ ಬಂದ ಮೇಲೆ ಸಹೋದರರನ್ನು ದೃಢಪಡಿಸಬೇಕೆಂದು ಪ್ರಭು ಪೇತ್ರನಿಗೆ ಹೇಳಿದ್ದು ಆತನು ಬೀಳುವ ಮುಂಚೆಯೇ. ಬಿದ್ದೆದ್ದವನಲ್ಲದೆ ಬಿದ್ದವರಿಗೆ ಧೈರ್ಯ ಹೇಳುವವರು ಯಾರು?

ಈಗ ಒಳಗೆ ಕುಳಿತಿರುವ ನಮ್ಮ ಮಾತು. ಬೇರೆಯವರ ಪಾಪವನ್ನು ಉದಾಹರಿಸುವುದಕ್ಕಿಂತ ಸ್ವಂತ ಮನೆತನದ್ದನ್ನು ಹೇಳುವುದೇ ಮೇಲು. ನಮ್ಮ ಅಜ್ಜನವರ ಗದ್ದೆಗೂ ಅವರ ತಮ್ಮನ ಗದ್ದೆಗೂ ನಡುವೆ ಒಂದು ಬದುವಿತ್ತು. ಒಂದು ಮಳೆಗಾಲ ಅದು ಕೊಚ್ಚಿಹೋಯಿತು. ಮತ್ತೆ ಕಟ್ಟುವಾಗ ಅಜ್ಜನವರು ಅದನ್ನು ಒಂದು ಮೊಳದಷ್ಟು ಆಚೆಗೆ ಸರಿಸಿ ಕಟ್ಟಿದರು. ಒಂದು ಮೊಳ ನೆಲ! ಅದರಲ್ಲಿ ಬೆಳೆಯುವ ಭತ್ತ ಎಷ್ಟು? ಅಣ್ಣತಮ್ಮಂದಿರು ಹದಿನೆಂಟು ವರ್ಷ ಮಾತನಾಡಲಿಲ್ಲ. ಇದೇ ದೇವಾಲಯದಲ್ಲಿ ಒಬ್ಬರು ಬಲಗಡೆ, ಒಬ್ಬರು ಎಡಗಡೆ ಕುಳಿತು ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದರು. ಅಜ್ಜನವರು ಪಾಸ್ಕದ ಪಾಪನಿವೇದನೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅಲ್ಲಿ ಏನು ಹೇಳಿದರೋ ದೇವರೇ ಬಲ್ಲ. ಕೋಪಿಸಿಕೊಂಡೆ, ಬೈದೆ ಎಂದು ಹೇಳಿರಬಹುದು. ಬದು ಸರಿಸಿದೆ ಎಂದು ಹೇಳಿರಲಾರರು; ಏಕೆಂದರೆ ಅವರ ಲೆಕ್ಕದಲ್ಲಿ ಅದು ಪಾಪವಾಗಿರಲಿಲ್ಲ, ನ್ಯಾಯವಾಗಿತ್ತು. ನಾವು ಮನಸ್ಸಿಗೆ ತಂದುಕೊಳ್ಳುವ ಪಾಪಗಳಿಗಿಂತ ನ್ಯಾಯವೆಂದು ಹೆಸರಿಟ್ಟುಕೊಂಡ ಪಾಪಗಳೇ ಹೆಚ್ಚು ದಿನ ಬಾಳುತ್ತವೆ.

ಒಂದು ದಿನ ತಮ್ಮ ತೀರಿಕೊಂಡರು. ಸಮಾಧಿಯ ಬಳಿ ಎಲ್ಲರೂ ಪರಲೋಕ ಮಂತ್ರ ಹೇಳುವಾಗ, ನಾವು ಕ್ಷಮಿಸುವ ಪ್ರಕಾರ ನಮ್ಮನ್ನೂ ಕ್ಷಮಿಸೆಂದು ಬೇಡುವ ಕಡೆ ಅಜ್ಜನವರ ಸ್ವರ ನಿಂತುಹೋಯಿತು. ಮೂರನೆಯ ದಿನ ಬೆಳಗಿನ ಜಾವ ಗುದ್ದಲಿ ಹಿಡಿದು ಒಬ್ಬರೇ ಗದ್ದೆಗಿಳಿದರು. ಮಗನನ್ನು ಕರೆಯಲಿಲ್ಲ, ಆಳನ್ನೂ ಕರೆಯಲಿಲ್ಲ. ಹುಡುಗರಾಗಿದ್ದ ನಾವು ದೂರದಲ್ಲಿ ನಿಂತು ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ತಮ್ಮನ ಹೆಂಡತಿ ಒಂದು ಚೊಂಬು ಮಜ್ಜಿಗೆ ತಂದು, ಹೊಸ ಬದುವಿನ ಮೇಲಿಟ್ಟು, ಮಾತಿಲ್ಲದೆ ಹಿಂದಿರುಗಿದರು. ಅಜ್ಜನವರು ಅದನ್ನು ಕುಡಿದರು. ಅಷ್ಟೇ. ಅಪ್ಪುಗೆಯೂ ಇಲ್ಲ, ಕೊಬ್ಬಿದ ಕರುವಿನ ಔತಣವೂ ಇಲ್ಲ. ಆ ಗುದ್ದಲಿಯ ಸದ್ದು ಕೇಳಬೇಕಾಗಿದ್ದ ಕಿವಿ ಮಣ್ಣಿನೊಳಗಿತ್ತು. ನಾಲ್ಕು ದಿನ ಮುಂಚೆ ಆಗಬಹುದಾಗಿದ್ದ ಕೆಲಸ.

ಜೆರಿಕೋ ಪಟ್ಟಣದ ಜಕ್ಕಾಯನ ವೃತ್ತಾಂತ ಮಕ್ಕಳಿಗೂ ಗೊತ್ತು. ಅಲ್ಲಿ ಯಾವುದು ಮೊದಲು ನಡೆಯಿತು ಎಂಬುದನ್ನು ಮಾತ್ರ ದೊಡ್ಡವರು ಮರೆಯುತ್ತೇವೆ. ಸುಲಿಗೆಯ ಹಣವನ್ನು ಹಿಂದಕ್ಕೆ ಕೊಟ್ಟ ಮೇಲೆ ಪ್ರಭು ಆತನ ಮನೆಗೆ ಹೋಗಲಿಲ್ಲ. ಮೊದಲು ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದರು. ಆಮೇಲೆ ಆತನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದನು. ಕರುಣೆಗೆ ಬೆಲೆ ಕಟ್ಟುವಂತಿಲ್ಲ. ಆದರೆ ಅದನ್ನು ಪಡೆದವನ ಕೈಯಲ್ಲಿ ನೆರೆಯವನ ಸ್ವತ್ತು ನಿಲ್ಲುವುದೂ ಇಲ್ಲ. ಇತರರಿಗೆ ಮಾಡಿದ ಅನ್ಯಾಯವನ್ನು ಸಾಧ್ಯವಿದ್ದಷ್ಟೂ ಸರಿಪಡಿಸಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಬೇಕು ಎಂದು ಧರ್ಮಸಭೆ ಕಲಿಸುವುದು ಇದಕ್ಕೇ. ಮಹಾಸಭೆಯ ಆಶಯದಂತೆ ೧೯೭೩ರಲ್ಲಿ ಪರಿಷ್ಕೃತವಾದ ಪ್ರಾಯಶ್ಚಿತ್ತ ಸಂಸ್ಕಾರದ ವಿಧಿಯೂ, ಪಾಪವು ದೇವರೊಡನೆ ಮಾತ್ರವಲ್ಲದೆ ಸಭೆಯೊಡನೆಯೂ ನಮ್ಮ ಸಂಬಂಧವನ್ನು ಕೆಡಿಸುತ್ತದೆ ಎಂದು ಒತ್ತಿ ಹೇಳುತ್ತದೆ.

ಬದು ಎಲ್ಲರ ಮನೆಯಲ್ಲೂ ಇದೆ. ಶುಂಠಿ ಕಿತ್ತವರ, ಅಡಿಕೆ ಸುಲಿದವರ ಕೂಲಿಯನ್ನು 'ನಾಳೆ ಬಾ' ಎಂದು ನಿಲ್ಲಿಸಿಕೊಂಡದ್ದು ಒಂದು ಬದು. ಕೂಲಿಯವನ ಸಂಬಳ ಬೆಳಗಾಗುವವರೆಗೆ ನಿನ್ನಲ್ಲಿ ಉಳಿಯಕೂಡದೆಂದು ಲೇವಿಯರ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯ ಕಟ್ಟುನಿಟ್ಟಾಗಿ ಆಜ್ಞಾಪಿಸುತ್ತದೆ. ಸೊಸೆಯ ತವರಿನ ಕುರಿತು ಆಡಿದ ಮಾತು ಒಂದು ಬದು. ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದು ಜಾತಿ ನೋಡಿ ನೀರಿನ ಲೋಟ ಹಿಡಿಯುವುದು, ಕ್ಷಮಿಸಿರಿ, ಹೇಳಲೇಬೇಕು, ನಮ್ಮಲ್ಲಿ ಇನ್ನೂ ಅಳಿಯದ ಬದು.

ಹೋಗಿ ನಿಂತರೆ ಅವರು ಬಾಗಿಲು ತೆರೆಯದಿದ್ದರೆ? ವಿಶ್ವಾಸದ ಮಾತು ಇಲ್ಲಿಯೇ ಬರುತ್ತದೆ. ತೆರೆಯುತ್ತದೆಂದು ತಿಳಿದು ಹೋಗುವುದಕ್ಕೆ ವಿಶ್ವಾಸ ಬೇಕಿಲ್ಲ. ಮಧ್ಯಪ್ರದೇಶದಲ್ಲಿ ಭೂಹೀನ ಬುಡಕಟ್ಟು ಜನರ ನಡುವೆ ಸೇವೆ ಮಾಡುತ್ತಿದ್ದ ಕೇರಳ ಮೂಲದ ಸಿಸ್ಟರ್ ರಾಣಿ ಮರಿಯಾ ಅವರನ್ನು ೧೯೯೫ರ ಫೆಬ್ರವರಿ ೨೫ರಂದು ಬಸ್ಸಿನಲ್ಲಿ ಇರಿದು ಕೊಲ್ಲಲಾಯಿತು. ಕೊಂದವನು ಸಮುಂದರ್ ಸಿಂಗ್. ಅವರ ತಂಗಿ, ತಾವೂ ಸಂನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ ಪೌಲ್, ೨೦೦೨ರಲ್ಲಿ ಸೆರೆಮನೆಗೆ ಹೋಗಿ ಆ ಕೈಗೇ ರಾಖಿ ಕಟ್ಟಿದರು. ಆತನ ಬಿಡುಗಡೆಗೆ ಆ ಕುಟುಂಬವೇ ಒಪ್ಪಿಗೆ ಕೊಟ್ಟಿತು. ೨೦೦೬ರಲ್ಲಿ ಆತ ಹೊರಬಂದ. ೨೦೧೭ರ ನವೆಂಬರ್ ೪ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿದಾಗ ಆತನೂ ಅಲ್ಲಿದ್ದ. ರಾಖಿ ಕಟ್ಟಿದ ತಂಗಿಯ ವಿಶ್ವಾಸವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಮೊಣಕೈ ಮುಂದೆ ಚಾಚಿದ ಆ ಕೊಲೆಗಾರನ ವಿಶ್ವಾಸವನ್ನೂ ಯೋಚಿಸಬೇಕು. ಕ್ಷಮೆ ಕೊಡುವಷ್ಟೇ ಕಷ್ಟ, ಕೊಟ್ಟದ್ದನ್ನು ಕೈ ನೀಡಿ ತೆಗೆದುಕೊಳ್ಳುವುದು.

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗಿ, ಅನಂತರ ಬಂದು ಅರ್ಪಿಸಬೇಕೆಂದು ಪ್ರಭು ಬೆಟ್ಟದ ಮೇಲೆ ಹೇಳಿದರು. ಗಲಿಲೇಯದ ಜನರಿಗೆ ಬಲಿಪೀಠವಿದ್ದದ್ದು ಜೆರುಸಲೇಮಿನಲ್ಲಿ, ದಿನಗಟ್ಟಲೆ ನಡೆಯುವ ದಾರಿ. ಅಷ್ಟು ದೂರ ಹಿಂದಿರುಗಿ ಹೋಗಿ ಮತ್ತೆ ಬರುವ ಪ್ರಯಾಣವನ್ನು ಪ್ರಭು ಕೇಳಿದರು. ನಮಗೆ ಅಷ್ಟು ದೂರವಿಲ್ಲ.

ನಾಳೆ ಸಂಜೆ ನಾಲ್ಕು ಗಂಟೆಯಿಂದ ಗುರುಗಳು ಪಾಪನಿವೇದನೆ ಕೇಳಲು ಕುಳಿತಿರುತ್ತಾರೆ. ಸೊರಬ, ಆನವಟ್ಟಿ ಕಡೆಗೆ ಹೋಗುವವರಿಗೆ ಬಸ್ಸಿನ ತೊಂದರೆ ಇರುವುದರಿಂದ ಮೊದಲ ಸರದಿ ಅವರದು. ಆದರೆ ಇಲ್ಲಿಗೆ ಬರುವ ಮುಂಚೆ ಯಾವುದಾದರೊಂದು ಮನೆಗೆ ಹೋಗಿ ಬರಬೇಕಾದವರು ಇದ್ದರೆ ಅವಸರ ಪಡಬೇಕಿಲ್ಲ. ಎಷ್ಟು ಹೊತ್ತಾದರೂ ಕಾಯುವುದಾಗಿ ಗುರುಗಳು ಒಪ್ಪಿದ್ದಾರೆ. ಪಕ್ಕದ ಬಾಗಿಲಿನ ದೀಪವನ್ನು ಆರಿಸದಂತೆ ಉಪದೇಶಿಗಳಿಗೂ ಹೇಳಿದ್ದೇವೆ.