ಜೀವಕೋಶದ ತೂಬು



ನೀರಮಾನ್ವಿಯ ಸುತ್ತಿನ ರೈತರಿಗೆ ತೂಬಿನ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ತುಂಬಿ ಹರಿಯುತ್ತಿದ್ದರೂ ತೂಬು ತೆರೆದ ಹೊರತು ಗದ್ದೆಗೆ ಹನಿ ನೀರು ಇಳಿಯದು. ತೆರೆದುದನ್ನು ಮುಚ್ಚದಿದ್ದರೆ ಒಡ್ಡು ಒಡೆದೀತು. ನಮ್ಮ ದೇಹದ ಜೀವಕೋಶದಲ್ಲಿಯೂ ಇಂಥದೊಂದು ಏರ್ಪಾಡುಂಟು.

ಗಾಯ ಮಾಯಬೇಕಾದರೆ, ಮಗು ಬೆಳೆಯಬೇಕಾದರೆ, ಕೋಶವು ಒಂದು ಎರಡಾಗಬೇಕು. ಅದಕ್ಕೆ ಮೊದಲು ತನ್ನ ವಂಶಲಿಪಿಯಾದ ಡಿ.ಎನ್.ಎ.ಯನ್ನು ಪ್ರತಿ ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಬೇಕಾದ ಜೀನುಗಳನ್ನು ಓದಿಸುವ ಪ್ರೋಟೀನಿಗೆ ಇ೨ಎಫ್ ಎಂದು ಹೆಸರು. ವಿಶ್ರಮಿಸುವ ಕೋಶದಲ್ಲಿ ಆರ್.ಬಿ. ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ಕೂರಿಸಿರುತ್ತದೆ. ಇದೇ ಮುಚ್ಚಿದ ತೂಬು.

ಬೆಳೆಯೆಂಬ ಅಪ್ಪಣೆ ಹೊರಗಿನಿಂದ ಬಂದಾಗ ಕೋಶದಲ್ಲಿ ಸೈಕ್ಲಿನ್ ಎಂಬುದು ಹುಟ್ಟುತ್ತದೆ. ಅದರೊಡನೆ ಕೂಡಿದ ಕೈನೇಸ್ ಎಂಬ ಕಿಣ್ವವು ಆರ್.ಬಿ.ಯ ಮೈಮೇಲೆ ಹಲವೆಡೆ ಫಾಸ್ಫೇಟನ್ನು ಅಂಟಿಸುತ್ತದೆ. ಆಗ ಆರ್.ಬಿ.ಯ ಆಕಾರ ಬದಲಾಗಿ ಹಿಡಿತ ಸಡಿಲುತ್ತದೆ. ಬಿಡುಗಡೆಗೊಂಡ ಇ೨ಎಫ್ ಜೀನುಗಳನ್ನು ಎಚ್ಚರಿಸುತ್ತದೆ. ವಿಭಜನೆ ಮುಗಿಯುವ ಹೊತ್ತಿಗೆ ಬೇರೊಂದು ಕಿಣ್ವ ಆ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ತೂಬು ಮತ್ತೆ ಮುಚ್ಚುತ್ತದೆ. ಹೀಗೆ ಅಂಟಿಸಿ ಕೀಳುವ ಕ್ರಮವನ್ನು ೧೯೫೫ರ ಸುಮಾರಿಗೇ, ಸ್ನಾಯುವಿನ ಕಿಣ್ವವೊಂದರಲ್ಲಿ, ಫಿಷರ್ ಮತ್ತು ಕ್ರೆಬ್ಸ್ ಎಂಬ ವಿಜ್ಞಾನಿಗಳು ಕಂಡಿದ್ದರು. ೧೯೯೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಆರ್.ಬಿ. ಎಂಬ ಹೆಸರು ಬಂದುದು ರೆಟಿನೊಬ್ಲಾಸ್ಟೋಮ ಎಂಬ ರೋಗದಿಂದ. ಇದು ಎಳೆಯ ಮಕ್ಕಳ ಕಣ್ಣಿಗೆ ಬರುವ ಅರ್ಬುದ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಈ ಜೀನಿನ ಎರಡು ಪ್ರತಿಗಳು ನಮಗೆ ದೊರೆತಿರುತ್ತವೆ. ಅಕ್ಷಿಪಟಲದ ಕೋಶವೊಂದರಲ್ಲಿ ಎರಡೂ ಕೆಟ್ಟರೆ ತೂಬಿಗೆ ಬಾಗಿಲೇ ಇಲ್ಲದಂತಾಗುತ್ತದೆ. ನಿಲ್ಲೆಂಬ ಮಾತು ನಡೆಯದೆ ಕೋಶಗಳು ಹೆಚ್ಚಿ ಗಂಟಾಗುತ್ತವೆ. ಎರಡು ಪೆಟ್ಟುಗಳ ಈ ತತ್ತ್ವವನ್ನು ೧೯೭೧ರಲ್ಲಿ ಮಂಡಿಸಿದವರು ಆಲ್ಫ್ರೆಡ್ ನಡ್ಸನ್. ಜೀನು ಕೈಗೆ ಸಿಕ್ಕಿದ್ದು ೧೯೮೬ರಲ್ಲಿ.

ಆದುದರಿಂದ ತಂದೆತಾಯಿಯರಲ್ಲಿ ಒಂದು ಬಿನ್ನಹ. ಮಗುವಿನ ಕಣ್ಣಪಾಪೆ ದೀಪದ ಬೆಳಕಿಗಾಗಲಿ, ತೆಗೆದ ಫೋಟೋದಲ್ಲಾಗಲಿ ಬೆಳ್ಳಗೆ ಹೊಳೆದರೆ, ಇಲ್ಲವೆ ಹೊಸದಾಗಿ ಮೆಳ್ಳಗಣ್ಣು ತೋರಿದರೆ, ದೃಷ್ಟಿ ತಾಕಿತೆಂದು ನೀವಾಳಿಸಿ ಸುಮ್ಮನಾಗಬೇಡಿ. ಹಾಗೆ ಕಂಡುದೆಲ್ಲ ಅರ್ಬುದವಲ್ಲ, ಪೊರೆಯೂ ಇರಬಹುದು. ನಿರ್ಣಯಿಸುವುದು ವೈದ್ಯರ ಕೆಲಸ. ರಾಯಚೂರಿನ ರಿಮ್ಸ್‌ಗಾಗಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗಾಗಲಿ ತಡಮಾಡದೆ ಕರೆದೊಯ್ಯಿರಿ. ರೋಗ ಇದೇ ಎಂದು ತಿಳಿದರೆ ಒಡಹುಟ್ಟಿದವರ ಕಣ್ಣುಗಳನ್ನೂ ತೋರಿಸಿರಿ. ಬೇಗ ಗುರುತಿಸಿದರೆ ಮಗುವಿನ ಪ್ರಾಣ ಉಳಿಯುತ್ತದೆ. ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.