ಓಡದ ದಿನವೂ ಟ್ರೇನಿಂಗೇ

ನಿಮ್ಮಲ್ಲಿ ಕೆಲವರು ಇಯರ್‌ಫೋನ್ ಹಾಕ್ಕೊಂಡು ಓಡ್ತಾನೇ ಇದನ್ನ ಕೇಳ್ತಿರಬಹುದು. ಓಡಿ, ನಿಲ್ಲಿಸಬೇಡಿ. ನಾಳೆ ಓಡಬೇಕಾ ಬೇಡವಾ ಅನ್ನೋದನ್ನ ಮಾತ್ರ ಇದು ಮುಗಿದ ಮೇಲೆ ಯೋಚಿಸಿ.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು 10ಕೆ ಓಟಕ್ಕೆ ಹೆಸರು ಕೊಟ್ಟಿದ್ದೆ. ದಿನಾ ಬೆಳಗ್ಗೆ ಕಬ್ಬನ್ ಪಾರ್ಕ್. ಸತತ 43 ದಿನ ಓಡಿದ್ದೇನೆ ಅಂತ ಫೋನಿನ ಆ್ಯಪ್ ತೋರಿಸ್ತಿತ್ತು. ಆ ಲೆಕ್ಕ ಸೊನ್ನೆಗೆ ಇಳಿದುಬಿಡುತ್ತೆ ಅನ್ನೋ ಭಯಕ್ಕೆ ಜ್ವರ ಬಂದ ದಿನವೂ ಎರಡು ಕಿಲೋಮೀಟರ್ ಓಡಿದ್ದೆ.

ಆಮೇಲೆ ಮೊಣಕಾಲಿನ ಕೆಳಗೆ ನೋವು ಶುರುವಾಯ್ತು. ಮೊದಲು ಓಡುವಾಗ ಮಾತ್ರ. ಆಮೇಲೆ ಮೆಟ್ಟಿಲು ಇಳಿಯುವಾಗ. ಕೊನೆಗೆ ರಾತ್ರಿ ಮಲಗಿದಾಗಲೂ. ಡಾಕ್ಟರು ಎಂಆರ್‌ಐ ನೋಡಿ ಸ್ಟ್ರೆಸ್ ಫ್ರ್ಯಾಕ್ಚರ್ ಅಂದ್ರು. ಮೂಳೆಯಲ್ಲಿ ಸಣ್ಣ ಬಿರುಕು. ಎಂಟು ವಾರ ಓಡೋ ಹಾಗಿಲ್ಲ. ರೇಸ್‌ಗೆ ಉಳಿದಿದ್ದು ಐದೇ ವಾರ.

ವಾರಕ್ಕೊಂದು ದಿನ ಬಿಡೋಕೆ ಜಿಪುಣತನ ಮಾಡಿದವನು, ಒಟ್ಟಿಗೇ 56 ದಿನ ಕಳ್ಕೊಂಡೆ.

ಆಗ ನನಗೆ ಅರ್ಥವಾದದ್ದು ಇಷ್ಟು. ಓಡುವಾಗ ನಾವು ಗಟ್ಟಿಯಾಗೋದಿಲ್ಲ, ಸವೆಯುತ್ತೇವೆ. ಗಟ್ಟಿಯಾಗೋದು ಓಡಿ ಬಂದ ಮೇಲೆ, ಊಟದಲ್ಲಿ, ನಿದ್ದೆಯಲ್ಲಿ. ಮೂಳೆ ತನ್ನ ಸವೆದ ಭಾಗವನ್ನು ಬೇಗ ಕಿತ್ತುಹಾಕುತ್ತೆ, ಹೊಸದನ್ನು ನಿಧಾನವಾಗಿ ಕಟ್ಟುತ್ತೆ. ಕಟ್ಟಿ ಮುಗಿಯುವ ಮೊದಲೇ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಬಿರುಕು. ಇನ್ನೊಂದು ಮೋಸ ಇದೆ. ಹೃದಯ, ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂಳೆಗೆ ತಿಂಗಳುಗಳು ಬೇಕು. ಹಾಗಾಗಿ ‘ಇನ್ನೂ ಓಡಬಲ್ಲೆ’ ಅಂತ ಅನಿಸೋ ಹೊತ್ತಿಗೇ ಅಪಾಯ ಜಾಸ್ತಿ.

ಇದು ಹೊಸ ಮಾತೇನಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್ಮನ್ 1960ರ ದಶಕದಲ್ಲೇ ಒಂದು ದಿನ ಕಷ್ಟದ ಓಟ, ಮರುದಿನ ಹಗುರ ಅನ್ನೋ ನಿಯಮ ಇಟ್ಟಿದ್ದರು. ಅವರ ಶಿಷ್ಯ ಕೆನ್ನಿ ಮೂರ್ ಹಗುರ ದಿನವೂ ಜೋರಾಗಿ ಓಡ್ತಿದ್ದರು. ಬೋವರ್ಮನ್ ಬಲವಂತವಾಗಿ ಅವರ ಓಟ ಕಡಿಮೆ ಮಾಡಿಸಿದರು. ಅದೇ ಮೂರ್ 1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ನಾಲ್ಕನೆಯವರಾದರು.

ನನಗೆ ಇದನ್ನ ಸರಿಯಾಗಿ ತಲೆಗೆ ಹಾಕಿದ್ದು ಊರಲ್ಲಿರೋ ಅಜ್ಜ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತುಗಳನ್ನ ಹೂಡೋದಿಲ್ಲ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಜಗಲಿ ಮೇಲೆ ಕೂತಿದ್ದ ನನ್ನ ನೋಡಿ ಅಜ್ಜ ಕೇಳಿದ್ರು: “ಎತ್ತಿಗೂ ವಾರಕ್ಕೊಂದಿನ ನೊಗ ಇಳಿಸ್ತೀವಿ. ನಿನ್ನ ಕಾಲಿಗೆ ಒಂದು ಸೋಮವಾರ ಬೇಡ್ವೇನೋ?”

ಈಗ ವಾರಕ್ಕೆ ನಾಲ್ಕೇ ದಿನ ಓಡ್ತೀನಿ. ಸೋಮವಾರ ಶೂ ಮುಟ್ಟಲ್ಲ. ಬೇಕಿದ್ರೆ ಸುಮ್ಮನೆ ನಡೀತೀನಿ, ಬೇಗ ಮಲಗ್ತೀನಿ. ಮರುವರ್ಷ ಅದೇ 10ಕೆ ನೋವಿಲ್ಲದೆ ಮುಗಿಸಿದೆ.

ಒಂದು ವಿಷಯ ನೆನಪಿಡಿ. ಮೂಳೆಯ ಮೇಲೆ ಬೆರಳಿಟ್ಟಾಗ ಒಂದೇ ಜಾಗದಲ್ಲಿ ನೋವಾದರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಆ್ಯಪ್ ಸೊನ್ನೆ ತೋರಿಸುತ್ತಾ? ತೋರಿಸಲಿ ಬಿಡಿ. ಮುಂದಿನ ವಾರ ಸಿಗೋಣ.