ಚಿತ್ರದಲ್ಲಿ ಕಾಣದವರು



ಮಾರ್ಟಿನ್ ಲೂಥರ್ ಕಿಂಗ್ ಎಂದೊಡನೆ ಕಣ್ಣ ಮುಂದೆ ಬರುವುದು 1963ರ ಆಗಸ್ಟ್ 28ರ ಚಿತ್ರ. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕ, ಮೈಕಿನ ಮುಂದೆ ಒಬ್ಬ ವ್ಯಕ್ತಿ, ಎದುರಿಗೆ ಸುಮಾರು ಎರಡೂವರೆ ಲಕ್ಷ ಜನ. ಟೆಲಿವಿಷನ್ ನಿರ್ಮಾಪಕನಾಗಿ ನಾನು ಕಂಡುಕೊಂಡದ್ದೆಂದರೆ, ಕ್ಯಾಮೆರಾ ಒಂದು ಮುಖವನ್ನು ಚೆನ್ನಾಗಿ ಹಿಡಿಯುತ್ತದೆ. ಆ ಮುಖದ ಹಿಂದಿನ ವರ್ಷಗಳನ್ನು ಹಿಡಿಯಲಾರದು. ಫಲಿತಾಂಶ ಕಂಡಾಗ ಕಾರಣವನ್ನು ಹುಡುಕು ಎಂದು ನನಗೆ ಕಲಿಸಿದ್ದು ವಿಜ್ಞಾನದ ತರಗತಿ. ಹಾಗೆ ಹುಡುಕುತ್ತ ಎಂಟು ವರ್ಷ ಹಿಂದಕ್ಕೆ ಹೋಗೋಣ.

1955. ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರ. ಅಲ್ಲಿನ ಬಸ್ಸುಗಳಲ್ಲಿ ಮುಂದಿನ ಸೀಟುಗಳು ಬಿಳಿಯರಿಗೆ. ಅವು ತುಂಬಿದರೆ ಹಿಂದೆ ಕುಳಿತ ಕಪ್ಪು ಜನರೂ ಎದ್ದು ಜಾಗ ಕೊಡಬೇಕು. ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಶಾಲಾ ಹುಡುಗಿ ಏಳಲಿಲ್ಲ. ಪೊಲೀಸರು ಅವಳನ್ನು ಬಂಧಿಸಿದರು. ಡಿಸೆಂಬರ್ 1ರಂದು ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಕೂಡ ಏಳಲಿಲ್ಲ. ಅವರನ್ನೂ ಬಂಧಿಸಿದರು. ಅದೇ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್, ಬಸ್ ಹತ್ತಬೇಡಿ ಎಂಬ ಕರಪತ್ರಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿದರು. ಸಹಾಯಕ್ಕೆ ನಿಂತವರಲ್ಲಿ ಇಬ್ಬರು ಅವರ ವಿದ್ಯಾರ್ಥಿಗಳು.

ಇಪ್ಪತ್ತಾರರ ತರುಣ ಪಾದ್ರಿ ಕಿಂಗ್ ಮುಂದಾಳಾದದ್ದು ಅನಂತರ. ಬಹಿಷ್ಕಾರ 381 ದಿನ ನಡೆಯಿತು. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಕಾರು ಇದ್ದವರು ಇಲ್ಲದವರನ್ನು ಕೂರಿಸಿಕೊಂಡು ಹೋದರು. 1956ರ ಜನವರಿ 30ರಂದು ಕಿಂಗ್ ಅವರ ಮನೆಯ ಮೇಲೆ ಬಾಂಬು ಬಿತ್ತು. ಹೆಂಡತಿ, ಎಳೆಗೂಸು ಒಳಗಿದ್ದರು, ಅದೃಷ್ಟಕ್ಕೆ ಪೆಟ್ಟಾಗಲಿಲ್ಲ. ಸಿಟ್ಟಿನಿಂದ ನೆರೆದ ಜನರಲ್ಲಿ ಕೆಲವರ ಕೈಯಲ್ಲಿ ಆಯುಧಗಳಿದ್ದವು. ಒಡೆದ ಮನೆಯ ಮುಂದೆ ನಿಂತು, ಶಾಂತವಾಗಿ ಮನೆಗೆ ಹೋಗಿ ಎಂದು ಕಿಂಗ್ ಕೇಳಿಕೊಂಡರು. ಜನ ಹೋದರು. ನಾಯಕತ್ವ ಎಂದರೆ ಏನು ಎಂದು ಕೇಳಿದರೆ ನಾನು ಹೇಳುವುದು ಆ ರಾತ್ರಿಯ ಕತೆ.

ಮೊಕದ್ದಮೆ ಹೂಡಿದವರು ನಾಲ್ವರು ಮಹಿಳೆಯರು. ಅವರಲ್ಲಿ ಆ ಶಾಲಾ ಹುಡುಗಿ ಕ್ಲಾಡೆಟ್ ಕೂಡ ಒಬ್ಬಳು. 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾದ ತೀರ್ಪನ್ನು ಎತ್ತಿಹಿಡಿಯಿತು. ಡಿಸೆಂಬರ್ 21ರಿಂದ ಬಸ್ಸಿನಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದಾಯಿತು.

ಗಾಂಧೀಜಿಯ ಮಾರ್ಗವನ್ನು ಹತ್ತಿರದಿಂದ ಅರಿಯಲು 1959ರಲ್ಲಿ ಕಿಂಗ್ ಭಾರತಕ್ಕೂ ಬಂದಿದ್ದರು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಅವರ ಕೊಲೆಯಾಯಿತು. ಆ ಊರಿಗೆ ಅವರು ಹೋಗಿದ್ದದ್ದು ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಜೊತೆ ನಿಲ್ಲಲು.

1986ರಿಂದ ಅಮೆರಿಕದಲ್ಲಿ ಜನವರಿಯ ಮೂರನೆಯ ಸೋಮವಾರ ಅವರ ಹೆಸರಿನಲ್ಲಿ ರಾಷ್ಟ್ರೀಯ ರಜೆ. 1994ರಲ್ಲಿ ಇನ್ನೊಂದು ಕಾನೂನು ಮಾಡಿ ಆ ದಿನವನ್ನು ಸೇವೆಯ ದಿನವನ್ನಾಗಿಸಿದರು. ರಜೆ ಎಂದು ಮನೆಯಲ್ಲಿ ಮಲಗುವ ಬದಲು ಊರಿನ ಒಂದು ಕೆಲಸಕ್ಕೆ ಕೈ ಹಾಕಿ ಎಂಬುದು ಅದರ ಆಶಯ.

ನಮ್ಮಲ್ಲೂ ಜಯಂತಿಗಳಿವೆ. ಫೋಟೋಕ್ಕೆ ಹಾರ, ಭಾಷಣ, ಸಿಹಿ ಹಂಚುವಿಕೆ ಎಲ್ಲವೂ ಆಗಲಿ. ಜೊತೆಗೆ ಒಂದು ಕೆಲಸ ಮಾಡಿ. ನಿಮ್ಮ ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಊರಿನ ಬಸ್ಸಿನಲ್ಲಿ ಪಕ್ಕದಲ್ಲಿ ಯಾರೂ ಕೂರದೆ ಒಬ್ಬರೇ ಉಳಿದವರು ಇದ್ದಾರೆಯೇ ನೋಡಿ. ಇದ್ದರೆ, ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.